ನೆನಪಿಲ್ಲದವನು ತುಳುನಾಡಿಗೆ ಬಂದರೆ

ಕಣ್ಣೆದುರೇ ಇತ್ತಲ್ಲ ಮಾರಾಯ್ರೆ!

ನೆನಪು ಕಳಕೊಂಡವನ ಪತ್ತೇದಾರಿ ಎಂದರೆ ಸಾಕು, ನಮಗೆ ಮೈತುಂಬ ಹಚ್ಚೆ ಹಾಕಿಸಿಕೊಂಡು ಕೊಲೆಗಾರನನ್ನು ಹುಡುಕುವ ‘ಮೆಮೆಂಟೊ’ (2000) ನೆನಪಾಗುತ್ತದೆ. ಇಲ್ಲವೇ ಮಲಯಾಳದ ‘ಮುಂಬೈ ಪೊಲೀಸ್’ (2013): ಅಧಿಕಾರಿಗೆ ಕೊಲೆಗಾರ ಯಾರೆಂದು ಗೊತ್ತಾಗಿದೆ, ಹೆಸರು ಬಾಯಿಗೆ ಬರುವಷ್ಟರಲ್ಲಿ ಅಪಘಾತ, ತಲೆ ಖಾಲಿ, ಅದೇ ಕೇಸು ಮತ್ತೆ ಮೊದಲಿಂದ! ಆದರೆ ನಮ್ಮದೇ ಕರಾವಳಿಯಲ್ಲಿ, ಭೂತಕೋಲದ ದೊಂದಿ ಬೆಳಕಿನಲ್ಲಿ, ಅಂಥವನೊಬ್ಬ ತಡಕಾಡುತ್ತಿದ್ದ. 2015ರ ಜುಲೈ 3ರಂದು ತೆರೆಕಂಡ ‘ರಂಗಿತರಂಗ’ದ ಗೌತಮ್ ಸುವರ್ಣ.

ಅವನು ಪೊಲೀಸನಲ್ಲ, ಕಾದಂಬರಿಕಾರ. ಅಪಘಾತವೊಂದು ಅವನ ಹಿಂದಿನದ್ದನ್ನೆಲ್ಲ ಒರೆಸಿಹಾಕಿದೆ. ಕಮರೊಟ್ಟು ಎಂಬ ಕಲ್ಪನೆಯ ಊರಿನಲ್ಲಿ ಹೆಂಡತಿ ಕಾಣೆಯಾಗುತ್ತಾಳೆ. ಅವಳನ್ನು ಹುಡುಕಹೊರಟವನಿಗೆ ತಾನು ಯಾರೆಂಬುದೂ ಪೂರ್ತಿ ಗೊತ್ತಿಲ್ಲ! ಮುಂದಿನದನ್ನು ಹೇಳಲಾರೆ, ನೋಡದವರು ಇನ್ನೂ ಇದ್ದಾರೆ.

ಇನ್ನೊಂದು ಸೋಜಿಗ ಕೇಳಿ. ಅನೂಪ್ ಭಂಡಾರಿಯವರ ಈ ಚಿತ್ರದಲ್ಲಿ ‘ಡೆನ್ನಾನ ಡೆನ್ನಾನ’ ಮೊಳಗಿದಾಗ, ದೂರದರ್ಶನದ ಕಾಲದವರ ಮೈ ಜುಮ್ಮೆಂದಿತು. ಅದು ತೊಂಬತ್ತರ ದಶಕದ ಶುರುವಿನ ‘ಗುಡ್ಡದ ಭೂತ’ ಧಾರಾವಾಹಿಯ ಹಾಡು. ಅದರಲ್ಲಿ ನಟಿಸಿದ ಪ್ರಕಾಶ್ ರೈ ಆಗಿನ್ನೂ ಹೊಸ ಹುಡುಗ. ನಿರ್ದೇಶಕರು ಸದಾನಂದ ಸುವರ್ಣ. ಚಿತ್ರದ ನಾಯಕನೂ ಸುವರ್ಣ! ನಾಯಕ ಮರೆತರೂ ನೋಡುವವರಿಗೆ ನೆನಪು ನುಗ್ಗಿ ಬರಬೇಕು, ಎಂಥ ಹುನ್ನಾರ!

ತಲೆ ಖಾಲಿಯಾದವನು ಪತ್ತೇದಾರಿಕೆ ಹೇಗೆ ಮಾಡಿಯಾನು? ಸಿನಿಮಾ ಬಿಡಿ, ವಿಜ್ಞಾನ ಇನ್ನೂ ವಿಚಿತ್ರ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27ರ ಯುವಕನಿಗೆ ಅಪಸ್ಮಾರ ತಗ್ಗಿಸಲು ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ನೆನಪು ಕಟ್ಟುವ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ಹೋಯಿತು. ಆಮೇಲೆ ಹೊಸದೇನೂ ತಲೆಯಲ್ಲಿ ನಿಲ್ಲಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಂದ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಸಿದರು. ದಿನದಿಂದ ದಿನಕ್ಕೆ ಗೆರೆ ನೇರವಾಯಿತು, ಆದರೆ ಅವನ ಪಾಲಿಗೆ ಪ್ರತಿಸಲವೂ ಅದು ಮೊದಲ ಸಲವೇ! ಮನಸ್ಸಿಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು.

ಇನ್ನು ಪತ್ತೇದಾರಿ ಕತೆಗಳ ಮಹಾರಾಣಿ ಆಗಾಥಾ ಕ್ರಿಸ್ಟಿ! 1926ರ ಡಿಸೆಂಬರ್ 3ರ ರಾತ್ರಿ ಕಾರು ಹತ್ತಿ ಹೋದವರು ಕಾಣೆ. ಇಡೀ ಇಂಗ್ಲೆಂಡ್ ಹುಡುಕಿತು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಏನು ಮಾಡಿದರು ಗೊತ್ತೇ? ಭೂತಗನ್ನಡಿ ಹಿಡಿಯಲಿಲ್ಲ, ಆಕೆಯ ಕೈಗವಸನ್ನು ಪ್ರೇತದೊಡನೆ ಮಾತಾಡುವವನೊಬ್ಬನಿಗೆ ಕೊಟ್ಟು ಪ್ರಶ್ನೆ ಕೇಳಿದರು! ನಾವು ದೈವದ ಎದುರು ನಿಂತರೆ ನಗುವವರು ಇದನ್ನು ಓದಬೇಕು. ಹನ್ನೊಂದು ದಿನಗಳ ನಂತರ ಹ್ಯಾರೊಗೇಟ್‌ನ ಹೋಟೆಲೊಂದರಲ್ಲಿ ಬೇರೆ ಹೆಸರಿನಲ್ಲಿ ಸಿಕ್ಕರು. ನೆನಪು ಹೋಗಿದೆ ಎಂದರು ಗಂಡ. ಆ ಬೇರೆ ಹೆಸರಿನ ಕೊನೆಗಿದ್ದದ್ದು ಗಂಡನ ಪ್ರೇಯಸಿಯ ಮನೆತನದ ಹೆಸರು! ಕ್ರಿಸ್ಟಿ ಆತ್ಮಕತೆಯಲ್ಲಿ ಈ ಪ್ರಸಂಗದ ಸುದ್ದಿಯೇ ಇಲ್ಲ.

ಆದರೆ ನಮ್ಮ ತುಳುನಾಡಿನಲ್ಲಿ ನೆನಪಿಡುವ ಕೆಲಸವನ್ನು ಒಬ್ಬನ ತಲೆಗೆ ಬಿಟ್ಟವರು ಯಾರು? ಕೋಲಕ್ಕೆ ಮುಂಚೆ ತೆಂಬರೆ ಬಡಿಯುತ್ತ ಪಾಡ್ದನ ಎಂಬ ಹಾಡುಗತೆ ಹೇಳುತ್ತಾರಲ್ಲ, ದೈವ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಎಲ್ಲಿ ನೆಲೆಯಾಯಿತು, ಪುಸ್ತಕವಿಲ್ಲದೆ, ಬಾಯಿಂದ ಬಾಯಿಗೆ! ಆಮೇಲೆ ದೈವ ಗುತ್ತು, ಬರ್ಕೆ ಮನೆತನಗಳನ್ನು ಕ್ರಮ ತಪ್ಪದೆ ಕರೆದು ಮಾತಾಡಿಸುತ್ತದೆ. ನೀನು ಮರೆತರೂ ನಿನ್ನ ಮನೆ ಮರೆಯದು, ನಿನ್ನ ಬರಿ, ಅಂದರೆ ಕುಲ, ಮರೆಯದು. ಗೌತಮ್‌ನಂಥವನ ಕತೆ ನಡೆಯಲು ಜಗತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಕಾಣದು.

ನಮ್ಮ ಮಾಣಿ ಪೇಟೆಯನ್ನೇ ನೋಡಿ. ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರಿನ ದಾರಿ ಕವಲೊಡೆಯುವ ಊರು. ದಿನವಿಡೀ ಬಸ್ಸು, ದಿನವಿಡೀ ಅಪರಿಚಿತರು. ಅಡಗಲು ಇದೇ ಜಾಗ ಎಂದುಕೊಂಡೀರಿ! ಚಾ ಹೇಳಿ ಕೂತ ಕೂಡಲೇ ಪಕ್ಕದವರ ವಿಚಾರಣೆ ಶುರು: “ನಿಮ್ಮದು ಎಲ್ಲಿ ಆಯ್ತು? ಅಲ್ಲಿ ಯಾರ ಮನೆ? ಹಾಗಾದ್ರೆ ನಿಮ್ಮ ಮಾವ ಪುತ್ತೂರಲ್ಲಿ ಇರೋದಲ್ವಾ?” ಆಗಾಥಾಮ್ಮ ಇಲ್ಲಿ ಬಸ್ಸಿಳಿದಿದ್ದರೆ ಹನ್ನೊಂದು ದಿನ ಬೇಡ, ಚಾ ಆರುವ ಮೊದಲೇ ಗಂಡನಿಗೆ ಫೋನು ಹೋಗಿರುತ್ತಿತ್ತು.