ಬಾಡಿಗೆಯ ಜಾಗ, ಸ್ವಂತದ ಹೆಸರು

ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರಿರಲಿ, ಚನ್ನಪಟ್ಟಣದಲ್ಲಿ ಗೊಂಬೆ ಮಾರುವವರಿರಲಿ, ಜಾಲತಾಣ ಮಾಡಿಸಲು ಹೊರಟವರು ಮೊದಲು ಕೇಳುವುದು ‘ವರ್ಷಕ್ಕೆ ಎಷ್ಟಾಗುತ್ತೆ?’ ಅಂತ. ಕೇಳಬೇಕಾದ ಮಾತೇ. ಆದರೆ ಅದಕ್ಕೂ ಮುಂಚೆ ಕೇಳಬೇಕಾದದ್ದು ಇನ್ನೊಂದಿದೆ: ನಾಳೆ ಈ ಕಂಪನಿ ಬೇಡ ಅನ್ನಿಸಿದರೆ, ನನ್ನದನ್ನೆಲ್ಲ ಎತ್ತಿಕೊಂಡು ಬೇರೆ ಕಡೆ ಹೋಗಲು ಆಗುತ್ತದೆಯೇ? ಬೆಲೆ, ವೇಗ ಎಲ್ಲವೂ ಇದರ ನಂತರದ ವಿಚಾರ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಜನ ಬ್ರೌಸರಿನಲ್ಲಿ ಟೈಪ್ ಮಾಡುವ ಹೆಸರು ಡೊಮೈನ್. ಪುಟಗಳು, ಫೋಟೊಗಳು, ಬುಕಿಂಗ್ ವಿವರಗಳು ಇರುವ ಸರ್ವರಿನ ಜಾಗ ಹೋಸ್ಟಿಂಗ್. ಮಳಿಗೆ ಬಾಡಿಗೆಯದಾದರೂ ಬೋರ್ಡಿನ ಮೇಲಿನ ಹೆಸರು ನಮ್ಮದೇ ಅಲ್ಲವೇ, ಹಾಗೆ. ಡಾಟ್ ಇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. 2005ರಿಂದ ಯಾರು ಬೇಕಾದರೂ ಈ ಹೆಸರುಗಳನ್ನು ಕೊಳ್ಳಬಹುದು. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಕೂಡ ಇದೆ. ಹೆಚ್ಚಿನ ಕಂಪನಿಗಳು ಹೆಸರನ್ನೂ ಜಾಗವನ್ನೂ ಒಟ್ಟಿಗೆ ಮಾರುವುದರಿಂದ ಎರಡೂ ಒಂದೇ ಎಂಬ ಭಾವನೆ ಬಂದುಬಿಡುತ್ತದೆ.

ತೊಂದರೆ ಶುರುವಾಗುವುದೇ ಇಲ್ಲಿ. ಸೈಟ್ ಮಾಡಿಕೊಡುವ ಹುಡುಗ ಕೆಲಸ ಬೇಗ ಮುಗಿಯಲಿ ಎಂದು ತನ್ನದೇ ಖಾತೆಯಲ್ಲಿ, ತನ್ನದೇ ಇಮೇಲ್ ಕೊಟ್ಟು ಡೊಮೈನ್ ನೋಂದಾಯಿಸುತ್ತಾನೆ. ಎರಡು ಮೂರು ವರ್ಷ ಕಳೆದ ಮೇಲೆ ಅವನು ಬೇರೆ ಊರು ಸೇರಿರುತ್ತಾನೆ, ಫೋನ್ ಸಿಗುವುದಿಲ್ಲ. ರಿನ್ಯೂವಲ್ ನೋಟಿಸು ಅವನ ಇನ್‌ಬಾಕ್ಸಿಗೆ ಹೋಗುತ್ತಿರುತ್ತದೆ. ಹೆಸರಿನ ಅವಧಿ ಮುಗಿದು, ಅದು ಮತ್ತೆ ಮಾರಾಟಕ್ಕೆ ಬಂದರೆ ಯಾರು ಬೇಕಾದರೂ ಕೊಂಡುಕೊಳ್ಳಬಹುದು. ವಿಸಿಟಿಂಗ್ ಕಾರ್ಡು, ಬಿಲ್ ಪುಸ್ತಕ, ಗೂಗಲ್ ಮ್ಯಾಪ್ ಎಲ್ಲ ಕಡೆಯೂ ಇರುವ ಹೆಸರು ಅದು. ಆದ್ದರಿಂದ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ಸಂಖ್ಯೆಯಲ್ಲಿ ಇರಬೇಕು. ಬಿಲ್ಲೂ ನಿಮ್ಮ ಹೆಸರಿಗೇ ಬರಬೇಕು. ಇನ್ನೊಂದು ಸೂಕ್ಷ್ಮವಿದೆ: ನೋಂದಣಿಗೆ ಅದೇ ಡೊಮೈನಿನ ಇಮೇಲ್ ಕೊಡಬಾರದು. ಹೆಸರು ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ಖಾತೆಗೆ ಹೋಗುವ ದಾರಿಯೇ ಮುಚ್ಚುತ್ತದೆ. ಮಾಮೂಲಿ ಜಿಮೇಲ್ ಸಾಕು. ಹೆಸರನ್ನು ಬೇರೆ ಕಂಪನಿಗೆ ವರ್ಗಾಯಿಸಲು ಬೇಕಾಗುವ ಆತ್ ಕೋಡನ್ನು ಖಾತೆಯಿಂದ ನೀವೇ ಪಡೆಯಬಹುದೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಿ.

ಎರಡನೆಯದು ಬ್ಯಾಕಪ್. 2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದು ಅಂತಸ್ತಿನ ಡೇಟಾ ಸೆಂಟರ್ ಬೆಂಕಿಗೆ ಆಹುತಿಯಾಯಿತು. ಲಕ್ಷಾಂತರ ಜಾಲತಾಣಗಳು ಒಮ್ಮೆಲೇ ನಿಂತವು. ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಎಷ್ಟೋ ಗ್ರಾಹಕರಿಗೆ ಏನೂ ಉಳಿಯಲಿಲ್ಲ. ಓವಿಎಚ್ ಯುರೋಪಿನ ದೊಡ್ಡ ಹೋಸ್ಟಿಂಗ್ ಕಂಪನಿಗಳಲ್ಲೊಂದು ಎಂಬುದನ್ನು ಮರೆಯಬಾರದು. ‘ಡೈಲಿ ಬ್ಯಾಕಪ್ ಇದೆ ಸಾರ್’ ಎಂದರೆ ಎಲ್ಲಿದೆ, ನಾನೇ ಇಳಿಸಿಕೊಳ್ಳಬಹುದೇ ಎಂದು ಕೇಳಿ. ತಿಂಗಳಿಗೊಮ್ಮೆ ಒಂದು ಪೂರ್ತಿ ಪ್ರತಿಯನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಕನ್ನಡದಲ್ಲಿ ಬರೆಯುವವರು ಡೇಟಾಬೇಸನ್ನೂ ನೋಡಬೇಕು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ 2018ರ 8.0 ಆವೃತ್ತಿಯಿಂದಷ್ಟೇ ಪೂರ್ಣ ಯೂನಿಕೋಡನ್ನು ತಾನಾಗಿಯೇ ಬಳಸುತ್ತದೆ. ಅದಕ್ಕೂ ಹಳೆಯ ಸರ್ವರಿನಲ್ಲಿ ಸೆಟ್ಟಿಂಗ್ ಬದಲಿಸದೆ ಬಿಟ್ಟರೆ, ‘ಮೂರು ಕೋಣೆ ಖಾಲಿ ಇದೆ’ ಎಂದು ತುಂಬಿದ್ದು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದುಬಿಡಬಹುದು. ಹಾಗೆ ಕೆಟ್ಟ ಅಕ್ಷರ ಮತ್ತೆ ಸಿಗುವುದಿಲ್ಲ. ಖರೀದಿಸಿದ ದಿನವೇ ಒತ್ತಕ್ಷರಗಳಿರುವ ಕನ್ನಡದ ಒಂದು ಪ್ಯಾರಾ ಹಾಕಿ ಪರೀಕ್ಷಿಸಿ.

ವೇಗದ ವಿಚಾರ ಸರಳ. ನಿಮ್ಮ ಗಿರಾಕಿಗಳು ಇರುವ ಕಡೆಗೆ ಸರ್ವರ್ ಹತ್ತಿರವಿರಲಿ. ಮುಂಬೈ ಆದರೆ ಬೆಂಗಳೂರಿನವರಿಗೆ ಅನುಕೂಲ. ಅಮೆರಿಕದ ಸರ್ವರಿಗೆ ಸಂಕೇತವೊಂದು ಹೋಗಿ ಬರಲು 200 ಮಿಲಿಸೆಕೆಂಡ್ ದಾಟುತ್ತದೆ, ಒಂದು ಪುಟ ತೆರೆಯಲು ಇಂಥ ಓಡಾಟ ಹಲವು ಬಾರಿ ನಡೆಯಬೇಕು. 99.9% ಅಪ್‌ಟೈಮ್ ಎಂಬ ಭರವಸೆಯ ಅರ್ಥ, ವರ್ಷದಲ್ಲಿ ಸುಮಾರು 8 ಗಂಟೆ 45 ನಿಮಿಷ ಸೈಟ್ ನಿಂತರೂ ಕಂಪನಿ ಮಾತು ತಪ್ಪಿದಂತಾಗುವುದಿಲ್ಲ ಎಂದು. ಸಣ್ಣ ವ್ಯಾಪಾರಕ್ಕೆ ಅಷ್ಟು ಸಾಕು.

ಬೆಲೆಯ ವಿಷಯಕ್ಕೆ ಬಂದರೆ, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಮೊದಲ ಅವಧಿಯ ದರ. ನೋಡಬೇಕಾದದ್ದು ರಿನ್ಯೂವಲ್ ದರ, ಅದರ ಮೇಲೆ ಜಿಎಸ್‌ಟಿ. ‘ಅನ್‌ಲಿಮಿಟೆಡ್’ ಪ್ಲಾನುಗಳಲ್ಲೂ ಫೈಲುಗಳ ಸಂಖ್ಯೆಗೆ ಮಿತಿ ಇರುತ್ತದೆ, ಪ್ರತಿ ಫೋಟೊ, ಪ್ರತಿ ಇಮೇಲ್ ಆ ಲೆಕ್ಕಕ್ಕೆ ಸೇರುತ್ತದೆ. ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆಂದು ಪ್ರತ್ಯೇಕ ಹಣ ಕೇಳಿದರೆ ಒಪ್ಪಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಅದನ್ನು ಉಚಿತವಾಗಿ ಕೊಡುತ್ತಿದೆ. ಮೊದಲ ಸಲಕ್ಕೆ ಮೂರು ವರ್ಷದ ಹಣ ಒಟ್ಟಿಗೆ ಕಟ್ಟುವುದೂ ಬೇಡ, ಒಂದು ವರ್ಷ ನೋಡಿ.

ಈಗಾಗಲೇ ಜಾಲತಾಣ ಇರುವವರು ಈ ವಾರವೇ ಒಂದು ಕೆಲಸ ಮಾಡಿ: ಅದನ್ನು ಮಾಡಿಕೊಟ್ಟವರಿಗೆ ಫೋನ್ ಮಾಡಿ, ಡೊಮೈನ್ ಖಾತೆಯ ಲಾಗಿನ್ ಕೇಳಿ ಪಡೆದು, ಇಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ನಿಮ್ಮದಕ್ಕೆ ಬದಲಿಸಿಕೊಳ್ಳಿ.