ಕುಲದ ಮಾತು, ಕೈಯ ಮಾತು

ದಲಿತ ಕೃತಿಗಳ ಬಗ್ಗೆ ಬರೆಯುವಾಗ ನಮ್ಮ ವಿಮರ್ಶೆ ಎರಡು ಇಂಗ್ಲಿಷ್ ಪದಗಳನ್ನು ಬೆರೆಸಿ ಬಳಸುತ್ತದೆ: ಅಥೆಂಟಿಕ್ ಮತ್ತು ಜೆನ್ಯೂನ್. ಕನ್ನಡದಲ್ಲಿ ಎರಡಕ್ಕೂ ಅಧಿಕೃತ, ಅಪ್ಪಟ, ಅಸಲಿ ಅಂತ ಏನೋ ಒಂದನ್ನು ಹಾಕಿ ಮುಂದೆ ಹೋಗುತ್ತೇವೆ. ಹೀಗೆ ಬೆರೆಸಿದ್ದರಿಂದ ನಷ್ಟ ಯಾರಿಗೆ ಎಂಬುದನ್ನು ನೋಡಬೇಕಾಗಿದೆ.

ಜೆನ್ಯೂನ್ ಲ್ಯಾಟಿನ್ನಿನಿಂದ ಬಂದದ್ದು. ಹುಟ್ಟಿನಿಂದಲೇ ಬಂದದ್ದು ಅಂತ ಅರ್ಥ. ತಂದೆಯಾದವನು ಹಸುಗೂಸನ್ನು ಮೊಣಕಾಲ ಮೇಲಿಟ್ಟುಕೊಂಡು ತನ್ನದೆಂದು ಒಪ್ಪಿಕೊಳ್ಳುತ್ತಿದ್ದ, ಆದ್ದರಿಂದ ಮೊಣಕಾಲಿನ ಪದವೇ ಇದರ ಮೂಲ ಎನ್ನುವವರಿದ್ದಾರೆ. ಹೆರುವುದು, ಹುಟ್ಟಿಸುವುದು ಎಂಬ ಧಾತುವಿಗೆ ಇದನ್ನು ಸೇರಿಸುವವರೂ ಇದ್ದಾರೆ. ಆ ಧಾತು ಸಂಸ್ಕೃತದ 'ಜನ್' ಎಂಬುದರ ಒಡಹುಟ್ಟು. ಜನ್‌ನಿಂದಲೇ ಜನ್ಮ, ಜನ, ಜಾತಿ. ಅಂದ್ರೆ ಜೆನ್ಯೂನ್ ಮತ್ತು ಜಾತಿ ದೂರದ ದಾಯಾದಿಗಳು! ಇದರ ಎದುರಿನ ಪದ ಸ್ಪೂರಿಯಸ್ ಕೂಡ ಮೂಲದಲ್ಲಿ ಮದುವೆಯಾಚೆ ಹುಟ್ಟಿದ ಮಗುವಿಗೆ ಅಂದ ಮಾತೇ.

ಅಥೆಂಟಿಕ್ ಗ್ರೀಕಿನದು. ತಾನೇ ಮಾಡಿದವನು, ತನ್ನ ಅಧಿಕಾರದಿಂದ ಮಾಡಿದವನು ಎಂಬ ಪದದಿಂದ ಹುಟ್ಟಿತು. ಹಳೆಯ ಗ್ರೀಕಿನಲ್ಲಿ ಕೈಯಾರೆ ಕೊಂದವನಿಗೂ ಅದೇ ಪದವಿತ್ತಂತೆ, ಇರಲಿ. ಬರಹದ ವಿಷಯಕ್ಕೆ ಬಂದರೆ ನಕಲಲ್ಲದ ಮೂಲಪ್ರತಿ. ಇಲ್ಲಿ ಕೇಳುವುದು ಯಾರ ಮಗ ಅಂತಲ್ಲ, ಯಾರ ಕೈ ಅಂತ.

ಹುಟ್ಟನ್ನೇ ಕೇಳಬೇಕಾದ ಜಾಗಗಳಿವೆ. ನಂಜನಗೂಡಿನ, ಟಿ. ನರಸೀಪುರದ ತಾಲ್ಲೂಕು ಕಚೇರಿಗಳಲ್ಲಿ ಜಾತಿ ಪ್ರಮಾಣಪತ್ರಕ್ಕೆ ನಿಂತವರನ್ನು ಅದೇ ಕೇಳುತ್ತಾರೆ. ಕೆಲಸ ಸಿಕ್ಕ ಮೇಲೆ ಸಿಂಧುತ್ವ ಪ್ರಮಾಣಪತ್ರ ಬೇರೆ. ಇದು ನ್ಯಾಯವೇ. ಅಸ್ಪೃಶ್ಯತೆ ಹುಟ್ಟನ್ನು ನೋಡಿಯೇ ಬಂದದ್ದು. ಪರಿಹಾರವೂ ಹುಟ್ಟನ್ನು ನೋಡಬೇಕು. ಸುಳ್ಳು ಪತ್ರ ತಂದವನು ಇನ್ನೊಬ್ಬರ ಅನ್ನ ಕದಿಯುತ್ತಾನೆ. 1994ರ ಮಾಧುರಿ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರಿಶೀಲನಾ ಸಮಿತಿಗಳು ಬೇಕೆಂದದ್ದು ಇದಕ್ಕೇ. ಆದರೆ ವಿಮರ್ಶೆಯೇನು ತಾಲ್ಲೂಕು ಕಚೇರಿಯೇ?

ಕೈಯನ್ನು ಕೇಳುವುದು ಹೇಗೆಂದು ಶಾಸನಗಳ ಅಭ್ಯಾಸ ಮಾಡಿದವರಿಗೆ ಗೊತ್ತು. ಗಂಗರ ರಾಜಧಾನಿ ತಲಕಾಡು ಇರುವುದು ಟಿ. ನರಸೀಪುರ ತಾಲ್ಲೂಕಿನಲ್ಲೇ. ಈ ಎರಡೂ ತಾಲ್ಲೂಕುಗಳ ಶಾಸನಗಳನ್ನು ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದ. ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಸ್ಪೂರಿಯಸ್ ಎಂದು ಫ್ಲೀಟ್ ವಾದಿಸಿದ. ಪದ ಹುಟ್ಟಿನದಾದರೂ ಅವನು ನೋಡಿದ್ದು ಕೈಯನ್ನು: ಅಕ್ಷರದ ರೂಪ ಹೇಳಿದ ಕಾಲಕ್ಕೆ ಸೇರುತ್ತದೆಯೋ, ತೇದಿ ಹೊಂದುತ್ತದೆಯೋ ಅಂತ. ಕೂಟಶಾಸನ ಬರೆಸುತ್ತಿದ್ದದ್ದು ಸಾಮಾನ್ಯವಾಗಿ ನೆಲಕ್ಕಾಗಿ. ಆ ನೆಲ ಉತ್ತವನ ಹತ್ತಿರ ಸುಳ್ಳು ತಗಡೂ ಇರಲಿಲ್ಲ ಅನ್ನುವುದು ಫ್ಲೀಟನ ಪ್ರಶ್ನೆಯಾಗಿರಲಿಲ್ಲ, ನಮ್ಮದು.

ಈಗ ದೇವನೂರ ಮಹಾದೇವರ 'ಕುಸುಮಬಾಲೆ'ಗೆ ಬನ್ನಿ. 1984ರ ಕೃತಿ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಲೇಖಕರು ನಂಜನಗೂಡು ತಾಲ್ಲೂಕಿನ ದೇವನೂರಿನವರು, ಕೃತಿಯ ನುಡಿಯೂ ಆ ಸೀಮೆಯದೇ. ಇಷ್ಟು ಹೇಳಿ ಅಪ್ಪಟ ಎಂದು ಮುದ್ರೆ ಒತ್ತಿಬಿಟ್ಟರೆ ಹುಟ್ಟಿನ ಲೆಕ್ಕ ಮುಗಿಯಿತು. ಆದರೆ ಆ ನುಡಿ ಆಡುವವರು ಸಾವಿರಾರು ಜನ. ಅವರೆಲ್ಲ 'ಕುಸುಮಬಾಲೆ' ಬರೆಯಲಿಲ್ಲ. ಅಲ್ಲಿ ಮಾತಾಡುವ ಜೋತಮ್ಮಂದಿರು ಯಾವ ಕೇರಿಯ ವರದಿಯೂ ಅಲ್ಲ. ಕೇಳಿದ ಮಾತನ್ನು ಆರಿಸಿ, ಮುರಿದು, ಕಟ್ಟಿದ ಕೈಯೊಂದಿದೆ. ಅನುಭವ ಅಂತ ಹೊಗಳುತ್ತಾ ನಾವು ಆ ಕೈಯನ್ನೇ ಮರೆಯುತ್ತೇವೆ. ಮೇಲುಜಾತಿಯ ಲೇಖಕನಿಗೆ ಪ್ರತಿಭೆ, ದಲಿತ ಲೇಖಕನಿಗೆ ಬರೀ ಅನುಭವ ಅನ್ನುವ ಹಳೇ ಹಂಚಿಕೆ ನಡೆದದ್ದು ಹೀಗೇ.

ಇದರ ಪೆಟ್ಟು ಬೀಳುವುದು ಈಗ ಬರೆಯಲು ಕೂತಿರುವ ಮಕ್ಕಳಿಗೆ. ನನಗೆ ಗೊತ್ತಿರುವ ವಿದ್ಯಾರ್ಥಿನಿಯೊಬ್ಬಳು ಸೈಕಲ್ ಕಲಿತದ್ದರ ಬಗ್ಗೆ ಕಥೆ ಬರೆದಳು. ಹಸಿವಿಲ್ಲ, ಹೊಲಗೇರಿಯಿಲ್ಲ, ಸಂಗಮದ ಹಾದಿ, ಗಾಳಿ, ಒಂದು ಕಡೆ ಬಿದ್ದದ್ದು. ಕಮ್ಮಟದಲ್ಲಿ ಓದಿದಾಗ ಇದರಲ್ಲಿ ಅಥೆಂಟಿಕ್ ದಲಿತ ಅನುಭವವೇ ಇಲ್ಲವಲ್ಲಮ್ಮ ಅಂದರು. ಅವರು ಕೇಳಿದ್ದು ಜೆನ್ಯೂನ್ ಅನ್ನು. ಆ ಕಥೆಯ ಕೊನೇ ಪ್ಯಾರಾ ಸಡಿಲವಾಗಿತ್ತು. ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.