ರವೆ ತಟ್ಟೆಯಲ್ಲಿ ‘ರ’ ತಿದ್ದಿಸಿ ನೋಡಿ

ಕನ್ನಡ ಹೋಂವರ್ಕ್ ಅಂದ ಕೂಡಲೇ ನಿಮ್ಮ ಪುಟ್ಟನಿಗೆ ಹೊಟ್ಟೆನೋವು ಬರುತ್ತದಾ? ಕಾಪಿ ಪುಸ್ತಕದ ಒಂದು ಪುಟ ತುಂಬ ‘ರ’ ಬರೆಯುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು, ನಿಮಗೆ ತಲೆನೋವು. ಗದರಿಸಿ ಹೇಗೋ ಬರೆಸಿದಿರಿ ಅಂತಿಟ್ಟುಕೊಳ್ಳಿ. ಮರುದಿನ ಅದೇ ಅಕ್ಷರವನ್ನು ಬಸ್ಸಿನ ಬೋರ್ಡಿನಲ್ಲಿ ತೋರಿಸಿದರೆ ‘ಗೊತ್ತಿಲ್ಲಮ್ಮ’ ಅನ್ನುತ್ತಾನೆ. ಅಷ್ಟು ಬರೆಸಿದ್ದು ಎಲ್ಲಿಗೆ ಹೋಯಿತು?

ಮಗು ದಡ್ಡನೇನಲ್ಲ. ಮೂರು-ನಾಲ್ಕು ವರ್ಷದ ಮಗುವಿನ ಬೆರಳುಗಳಿಗೆ ಪೆನ್ಸಿಲ್ ಹಿಡಿದು ತಿರುಗಿಸುವಷ್ಟು ಬಲ ಇನ್ನೂ ಬಂದಿರುವುದಿಲ್ಲ. ಪೆನ್ಸಿಲ್ ಹಿಡಿಯುವುದರಲ್ಲೇ ಅದರ ಗಮನವೆಲ್ಲ ಖರ್ಚಾಗಿ ಹೋದರೆ ಅಕ್ಷರ ತಲೆಗೆ ಹೋಗುವುದು ಹೇಗೆ? ಅಕ್ಷರ ಮೊದಲು ಕಿವಿಗೆ ಬೀಳಬೇಕು, ಆಮೇಲೆ ಕೈಗೆ, ಕಣ್ಣಿಗೆ ಸಿಗಬೇಕು. ಪೆನ್ಸಿಲ್ ಕಟ್ಟಕಡೆಗೆ.

ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು ಎಂದು 2015ರಲ್ಲೇ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದಿದೆ. ಕಾಯ್ದೆ ಪಾಠವನ್ನು ತರಬಹುದು, ಪ್ರೀತಿಯನ್ನು ತರುವುದಿಲ್ಲವಲ್ಲ! ಮನೆಯಲ್ಲಿ ಪಟಪಟ ಕನ್ನಡ ಮಾತಾಡುವ ಮಕ್ಕಳೇ ಸಿನಿಮಾ ಪೋಸ್ಟರ್ ನೋಡಿ ‘ಏನಮ್ಮ ಬರೆದಿದೆ?’ ಅಂತ ಕೇಳುವುದನ್ನು ನೀವೂ ನೋಡಿರುತ್ತೀರಿ. ಅಕ್ಷರದ ಮೊದಲ ಪರಿಚಯವೇ ಅಳುವಿನಲ್ಲಿ ಆದರೆ ‘ಕನ್ನಡ ಕಷ್ಟ’ ಎಂಬ ಮಾತು ಅಲ್ಲೇ ಬೇರು ಬಿಡುತ್ತದೆ.

‘ಅ’ದಿಂದಲೇ ಯಾಕೆ?

ನಾವೆಲ್ಲ ಅ, ಆ, ಇ, ಈ ಅಂತ ಸಾಲಾಗಿ ಕಲಿತವರು. ಬಾಯಿಪಾಠಕ್ಕೆ ಆ ಕ್ರಮ ಚೆನ್ನ. ಆದರೆ ವರ್ಣಮಾಲೆಯ 49 ಅಕ್ಷರ ಮುಗಿಯುವವರೆಗೆ ಮಗು ಕಾಯುತ್ತಾ ಕೂರಬೇಕಾ? 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಶುರುವಾದ ‘ನಲಿ ಕಲಿ’ ಪದ್ಧತಿ ಈ ಸಾಲನ್ನೇ ಬದಲಿಸಿತು. ಅಲ್ಲಿ ಮೊದಲಿಗೆ ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸಾಕು, ಮಗು ಸರ, ರಸ, ದರ, ಅಗಸ, ಅರಸ, ಗರಗಸ ಎಲ್ಲವನ್ನೂ ತಾನೇ ಓದಿಬಿಡುತ್ತದೆ. ‘ನನಗೆ ಓದೋಕೆ ಬರುತ್ತೆ’ ಎಂಬ ಆ ಖುಷಿಯೇ ಮುಂದಿನ ಅಕ್ಷರಕ್ಕೆ ದಾರಿ.

ಹಾಗಾಗಿ ನಾವೂ ‘ರ’ ಅಕ್ಷರದಿಂದಲೇ ಶುರುಮಾಡೋಣ. ದುಂಡು ಹೊಟ್ಟೆ, ಮೇಲೊಂದು ತಲೆಕಟ್ಟು, ಅಷ್ಟೇ. ವಾರಕ್ಕೆ ಒಂದು ಅಕ್ಷರ, ದಿನಕ್ಕೆ ಹದಿನೈದು ನಿಮಿಷ ಸಾಕು.

ಮೊದಲು ಕಿವಿಗೆ

ಮೊದಲ ಎರಡು ದಿನ ಅಕ್ಷರವನ್ನು ಬರೆದು ತೋರಿಸಲೇಬೇಡಿ. ಬರೀ ಶಬ್ದದ ಆಟ ಆಡಿ. ಚಾರ್ಟಿನಲ್ಲಿ ‘ರ’ ಎಂದರೆ ರಥ ಅಂತಿರುತ್ತದೆ. ತೇರನ್ನೇ ನೋಡದ ಪೇಟೆಯ ಮಗುವಿಗೆ ಅದು ಬರೀ ಚಿತ್ರ. ಅದರ ಬದಲು ಅಡುಗೆಮನೆಗೆ ಕರೆತನ್ನಿ. ರವೆ, ರಸಂ, ರಸಬಾಳೆ ಇಲ್ಲೇ ಇವೆ. ಬೀರುವಿನಲ್ಲಿ ರವಿಕೆ, ಬ್ಯಾಗಿನಲ್ಲಿ ರಬ್ಬರ್. ‘ರ ಅಂತ ಶುರುವಾಗೋದು ಇನ್ನೇನಿದೆ ಹುಡುಕು ಪುಟ್ಟ’ ಅನ್ನಿ, ಮನೆಯೆಲ್ಲ ಜಾಲಾಡಿ ಬರುತ್ತಾನೆ.

ರಾಗಿ, ರೊಟ್ಟಿ ಎಂದರೂ ಶಭಾಷ್ ಅನ್ನಿ. ಅವನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ಆದರೆ ಬರೆದು ತೋರಿಸುವ ದಿನ ಮಾತ್ರ ರವೆ, ರಸದಂಥ ಮಾತುಗಳನ್ನೇ ಆರಿಸಿಕೊಳ್ಳಿ. ‘ರಾ’, ‘ರೊ’ ನೋಡಲು ಬೇರೆ ಥರ ಇರುತ್ತವಲ್ಲ, ಮಗುವಿಗೆ ಗೊಂದಲ. ಕಾಗುಣಿತ, ಒತ್ತಕ್ಷರ, ಅರ್ಕಾವತ್ತು ಎಲ್ಲ ಆಮೇಲಿನ ಮಾತು.

ನಾಲ್ಕಾರು ಮಕ್ಕಳಿದ್ದರೆ ಕೆರೆ-ದಡ ಆಡಿಸಿ. ನೆಲದ ಮೇಲೆ ಒಂದು ಗೆರೆ ಎಳೆಯಿರಿ. ನೀವು ಒಂದೊಂದೇ ಮಾತು ಹೇಳುತ್ತಾ ಹೋಗಿ. ಅದರಲ್ಲಿ ‘ರ’ ಇದ್ದರೆ ಕೆರೆಗೆ ಹಾರಬೇಕು, ಇಲ್ಲದಿದ್ದರೆ ದಡದಲ್ಲೇ ನಿಲ್ಲಬೇಕು. ಮರ, ಹಸು, ಸರ, ಮನೆ, ಗರಗಸ... ತಪ್ಪಾಗಿ ಹಾರಿದವರನ್ನು ಔಟ್ ಮಾಡಬೇಡಿ. ಔಟಾಗಿ ಮೂಲೆಯಲ್ಲಿ ಕೂತ ಮಗು ಏನೂ ಕಲಿಯುವುದಿಲ್ಲ.

ಆಮೇಲೆ ಕೈಗೆ

ಅಕ್ಷರಾಭ್ಯಾಸದ ದಿನ ಅಕ್ಕಿ ಹರಡಿದ ತಟ್ಟೆಯಲ್ಲಿ ಬೆರಳು ಹಿಡಿದು ಬರೆಸುತ್ತೇವಲ್ಲ? ಹಿಂದೆ ಕೂಲಿಮಠಗಳಲ್ಲೂ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. 1907ರಲ್ಲಿ ರೋಮ್‌ನಲ್ಲಿ ‘ಮಕ್ಕಳ ಮನೆ’ ತೆರೆದ ಮಾರಿಯಾ ಮಾಂಟೆಸ್ಸರಿ ಅವರೂ ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳು ಆಡಿಸಿದರು. ಎಲ್ಲದರ ಗುಟ್ಟು ಒಂದೇ. ಬೆರಳ ತುದಿಗೆ ತರಿತರಿಯಾಗಿ ತಾಕಿದ ಆಕಾರ ಬೇಗ ಮರೆಯುವುದಿಲ್ಲ.

* ರವೆ ತಟ್ಟೆ: ಅಗಲ ತಟ್ಟೆಯಲ್ಲಿ ತೆಳ್ಳಗೆ ರವೆ ಹರಡಿ. ಮೊದಲು ನೀವು ಬೆರಳಿನಿಂದ ‘ರ’ ಬರೆಯಿರಿ. ಅದರ ಮೇಲೆ ಮಗು ತಿದ್ದಲಿ. ತಟ್ಟೆ ಅಲ್ಲಾಡಿಸಿದರೆ ಅಕ್ಷರ ಮಾಯ! ತಪ್ಪಾದರೂ ರಬ್ಬರ್ ಬೇಡ, ಬೈಗುಳ ಬೇಡ. ಅದೇ ರವೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ವಾರವಿಡೀ ಆಗುತ್ತದೆ.

* ಹಿಟ್ಟಿನ ಹಾವು: ಚಪಾತಿ ಹಿಟ್ಟು ಕಲಸುವಾಗ ನಿಂಬೆಗಾತ್ರದ ಉಂಡೆ ಕೊಡಿ. ಅಂಗೈಯಲ್ಲಿ ಹೊಸೆದು ಉದ್ದ ಹಾವು ಮಾಡಿ, ಅದನ್ನೇ ಬಗ್ಗಿಸಿ ‘ರ’ ಮಾಡಲಿ. ನಾದಿ ಹೊಸೆಯುವುದರಿಂದ ಬೆರಳಿಗೆ ಬಲ ಬರುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದೂ ಸುಲಭ.

* ಅಕ್ಷರದ ಮೇಲೆ ನಡಿಗೆ: ಹಾಲ್‌ನಲ್ಲೋ ಟೆರೇಸಿನಲ್ಲೋ ಸೀಮೆಸುಣ್ಣದಲ್ಲಿ ಆಳೆತ್ತರದ ‘ರ’ ಬರೆಯಿರಿ. ಮಗು ಗೆರೆ ಬಿಡದೆ ಅದರ ಮೇಲೆ ನಡೆಯಲಿ. ಶಾಲೆಯಲ್ಲಿ ಹೇಳಿಕೊಟ್ಟ ದಿಕ್ಕಿನಲ್ಲೇ ನಡೆಸಿ, ಇಲ್ಲವಾದರೆ ಎರಡು ಕಡೆ ಎರಡು ರೀತಿ ಆಗುತ್ತದೆ.

* ಹುಣಸೆಬೀಜದ ಸಾಲು: ಬರೆದ ಗೆರೆಯ ಮೇಲೆ ಬೀಜಗಳನ್ನು ಒಂದೊಂದಾಗಿ ಜೋಡಿಸಲಿ. ಚಿಕ್ಕ ಮಕ್ಕಳು ಬೀಜವನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳುತ್ತವೆ. ಮುಗಿಯುವವರೆಗೆ ಪಕ್ಕದಲ್ಲೇ ಕೂತಿರಿ.

ಕಣ್ಣಿಗೂ ಕೆಲಸ ಕೊಡಿ

ನಾಲ್ಕನೇ ದಿನದ ಹೊತ್ತಿಗೆ ಅಕ್ಷರ ಕೈಗೆ ಹತ್ತಿರುತ್ತದೆ. ಈಗ ಹಳೆಯ ಪೇಪರ್, ಕೆಂಪು ಸ್ಕೆಚ್ ಪೆನ್ ಕೊಟ್ಟು ದೊಡ್ಡ ಹೆಡ್ಡಿಂಗುಗಳಲ್ಲಿ ‘ರ’ ಬೇಟೆಯಾಡಿಸಿ. ಐದು ಸಿಕ್ಕರೆ ಅವತ್ತಿಗೆ ಸಾಕು. ಮಧ್ಯೆ ‘ಠ’ ಸಿಕ್ಕಿ ಅದಕ್ಕೂ ಸುತ್ತು ಹಾಕಿದರೆ ‘ಇದರ ಹೊಟ್ಟೆಯಲ್ಲಿ ಚುಕ್ಕಿ ಇದೆ ನೋಡು, ಇದು ಬೇರೆ’ ಅಂತಷ್ಟೇ ಹೇಳಿ ಮುಂದೆ ಹೋಗಿ.

ಬಸ್ಸಿನಲ್ಲಿ, ಆಟೋದಲ್ಲಿ ಹೋಗುವಾಗ ಬೋರ್ಡುಗಳೇ ಪುಸ್ತಕ. ಬೆಂಗಳೂರಿನವರಿಗಂತೂ ಇದು ಸಲೀಸು. ಜಯನಗರ, ವಿಜಯನಗರ, ಗಾಂಧಿನಗರ, ಯಾವ ನಗರವಾದರೂ ಕೊನೆಯ ಅಕ್ಷರ ‘ರ’ ತಾನೇ! ಸಿಗ್ನಲ್‌ನಲ್ಲಿ ನಿಂತಾಗ ಮೊಬೈಲ್ ಕೊಡುವ ಬದಲು ‘ಎಷ್ಟು ರ ಕಂಡಿತು?’ ಎಂದು ಕೇಳಿ.

ಪುಟ್ಟ ತರಗತಿಗೆ

ಮನೆಯಲ್ಲೇ ಪ್ಲೇಹೋಂ ನಡೆಸುವವರು, ಅಪಾರ್ಟ್‌ಮೆಂಟಿನ ನಾಲ್ಕು ಮಕ್ಕಳನ್ನು ಶನಿವಾರ ಕೂರಿಸಿಕೊಳ್ಳುವವರು ಇವನ್ನೂ ಮಾಡಿ ನೋಡಿ.

* ಗುಟ್ಟಿನ ಚೀಲ: ಬಟ್ಟೆ ಚೀಲದಲ್ಲಿ ಹತ್ತು ಸಾಮಾನು ಹಾಕಿ. ಐದು ‘ರ’ದ್ದು, ಐದು ಬೇರೆಯದು. ಒಬ್ಬೊಬ್ಬರೇ ಕೈ ಹಾಕಿ ಒಂದನ್ನು ತೆಗೆದು, ಹೆಸರು ಹೇಳಿ, ಸರಿಯಾದ ಬುಟ್ಟಿಗೆ ಹಾಕಲಿ.

* ಬೆನ್ನ ಮೇಲಿನ ಅಕ್ಷರ: ಮಕ್ಕಳು ಒಬ್ಬರ ಹಿಂದೆ ಒಬ್ಬರು ಕೂರಲಿ. ಹಿಂದಿನವರು ಮುಂದಿನವರ ಬೆನ್ನ ಮೇಲೆ ಬೆರಳಿನಿಂದ ಬರೆಯಬೇಕು, ಮುಂದಿನವರು ಯಾವ ಅಕ್ಷರ ಅಂತ ಹೇಳಬೇಕು. ಕಚಗುಳಿಗೆ ನಕ್ಕು ನಕ್ಕು ಸುಸ್ತಾಗುತ್ತಾರೆ. ಎರಡು ಅಕ್ಷರ ಬಂದ ಮೇಲೆ ಈ ಆಟ ಇನ್ನೂ ಚೆನ್ನ.

* ಅಕ್ಷರದ ಕುಂಟೆಬಿಲ್ಲೆ: ಐದು ಅಕ್ಷರ ಬಂದ ಮೇಲೆ ಕುಂಟೆಬಿಲ್ಲೆಯ ಮನೆಗಳಲ್ಲಿ ಅವನ್ನು ಬರೆಯಿರಿ. ಬಿಲ್ಲೆ ಬಿದ್ದ ಮನೆಯ ಅಕ್ಷರ ಹೇಳಿಯೇ ಕುಂಟಬೇಕು.

‘ಲವೆ’ ಅಂದರೆ ನಗಬೇಡಿ

ಎಷ್ಟೋ ಮಕ್ಕಳಿಗೆ ‘ರ’ ಶಬ್ದ ಉಳಿದವಕ್ಕಿಂತ ತಡವಾಗಿ ಹೊರಳುತ್ತದೆ. ರವೆ ಲವೆಯಾಗುತ್ತದೆ, ರಜೆ ಲಜೆಯಾಗುತ್ತದೆ. ಮುದ್ದು ಅಂತ ನೀವೂ ಹಾಗೇ ಹೇಳಬೇಡಿ, ನೆಂಟರ ಮುಂದೆ ಹೇಳಿಸಿ ನಗಿಸಲೂ ಬೇಡಿ. ‘ಹೌದು ಪುಟ್ಟ, ರವೆ’ ಅಂತ ಸರಿಯಾದ ಮಾತನ್ನು ಮೆಲ್ಲಗೆ ಹೇಳಿ ಸುಮ್ಮನಾಗಿ. ಬಾಯಲ್ಲಿ ತೊದಲಿದ್ದರೂ ಅಕ್ಷರ ಗುರುತಿಸಲು ಅಡ್ಡಿಯಿಲ್ಲ. ಆರು ವರ್ಷ ದಾಟಿದ ಮೇಲೂ ತಿದ್ದಿಕೊಳ್ಳದಿದ್ದರೆ ಒಮ್ಮೆ ವಾಕ್ ಚಿಕಿತ್ಸಕರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತೊಂದರೆಗಳಿಗೆಂದೇ ಇದೆ.

ಇವು ನೆನಪಿರಲಿ

* ಹಸಿದ, ನಿದ್ದೆಗಣ್ಣಿನ ಮಗುವನ್ನು ಕಲಿಯಲು ಕೂರಿಸಬೇಡಿ.
* ಮಗು ‘ಇನ್ನೊಂದ್ಸಲ’ ಅನ್ನುತ್ತಿರುವಾಗಲೇ ಆಟ ನಿಲ್ಲಿಸಿ. ನಾಳೆ ತಾನಾಗಿ ಬರುತ್ತದೆ.
* ಪಕ್ಕದ ಮನೆಯ ಮಗುವಿನ ಜೊತೆ ಹೋಲಿಕೆ ಬೇಡ.
* ವಾರ ಮುಗಿದರೂ ಅಕ್ಷರ ಬರಲಿಲ್ಲವೇ? ಇನ್ನೊಂದು ವಾರ ಅದೇ ಇರಲಿ.
* ಹೊಸ ಅಕ್ಷರ ಬಂದಾಗ ಹಳೆಯದನ್ನೂ ದಿನಕ್ಕೊಮ್ಮೆ ಆಡಿಸಿ.
* ಶಾಲೆಯ ಕಾಪಿ ಬರೆಯಲೇಬೇಕಿದ್ದರೆ ಒಂದು ಪುಟವನ್ನು ಎರಡು-ಮೂರು ಸಲಕ್ಕೆ ಹಂಚಿ. ಮಗುವಿಗೆ ತೀರಾ ಕಷ್ಟವಾಗುತ್ತಿದ್ದರೆ ಮಿಸ್ ಜೊತೆ ಮಾತಾಡಿ.

ರವೆಯಲ್ಲಿ ನಾಲ್ಕು ದಿನ ತಿದ್ದಿದ ಮೇಲೆ ಪೆನ್ಸಿಲ್ ಕೊಟ್ಟು ನೋಡಿ. ಪುಟ ತುಂಬ ಬೇಡ, ಐದೇ ‘ರ’ ಬರೆಯಲಿ. ಅದರಲ್ಲಿ ಯಾವುದು ಚೆನ್ನಾಗಿದೆ ಅಂತ ಅವನನ್ನೇ ಕೇಳಿ, ಅದಕ್ಕೊಂದು ಸ್ಟಾರ್ ಹಾಕಿಕೊಡಿ. ಐದು ಅಕ್ಷರ ಬಂದ ದಿನ ‘ಸರ’ ಎಂದು ಬರೆದು ಏನೂ ಹೇಳದೆ ಮುಂದಿಡಿ. ‘ಸ... ರ... ಸರ!’ ಅಂತ ಓದಿದರೆ ಊರಿಗೆ ಫೋನ್ ಮಾಡಿ ಅಜ್ಜಿಗೂ ಕೇಳಿಸಿ.